ಮನೆ ಹಿಂದಿನ ಧರೆ ಬಿರುಕು ಬಿಟ್ಟಿದೆ, ಯಾರಿಗೆ ಹೇಳಬೇಕು?

ಹೊಸನಗರ ಕಡೆಯವ: ಗುಡ್ಡದ ಧರೆ (ಕಡಿದಾದ ಮಣ್ಣಿನ ಬದಿ) ಕಡಿದು ಮನೆ ಕಟ್ಟಿದ್ದೇವೆ. ಈ ಮಳೆಗೆ ಮೇಲ್ಗಡೆ ಉದ್ದಕ್ಕೆ ಬಿರುಕು ಬಂದಿದೆ. ಒಂದು ಆಫೀಸಿಗೆ ಹೋದರೆ ಇನ್ನೊಂದಕ್ಕೆ ಕಳಿಸುತ್ತಾರೆ. ನೇರವಾಗಿ ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್‌ಗೆ ಫೋನ್ ಮಾಡಬಹುದಾ?

ತುಂಗೆ ದಡದವ: ಅವರು ನಾವು ಕರೆದರೆ ಬರುವವರಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು. ಇಲ್ಲಿನ ಜನ, ಯಂತ್ರ ಸಾಲದಿದ್ದರೆ ಜಿಲ್ಲೆ ರಾಜ್ಯವನ್ನು ಕೇಳುತ್ತದೆ, ರಾಜ್ಯ ಕೇಂದ್ರವನ್ನು. ನೀವು ಗ್ರಾಮ ಆಡಳಿತಾಧಿಕಾರಿಗೆ ಫೋಟೋ ಕಳಿಸಿ. ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತು ಮಳೆನೀರಿನ ಹಾಗೆ ಹರಿದುಹೋಗುತ್ತದೆ! ಜಿಲ್ಲಾ ಕಂಟ್ರೋಲ್ ರೂಮ್ 1077. ಯಾರಾದರೂ ಮಣ್ಣಿನಡಿ ಸಿಕ್ಕಿಕೊಂಡರೆ ಮಾತ್ರ ಯೋಚಿಸದೆ 112.

ಆಗುಂಬೆ ಮಳೆ: ಅರ್ಜಿ ಆಮೇಲೆ. ಇವತ್ತು ರಾತ್ರಿ ಧರೆ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಮಳೆ ಬಿಟ್ಟಾಗ ಬಿರುಕಿಗೆ ಟಾರ್ಪಾಲ್ ಹೊದಿಸಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರ ವಾಲಿದರೆ, ಸುಮ್ನೆ ನೋಡುತ್ತಾ ನಿಲ್ಲಬೇಡಿ. ದನ ಬಿಚ್ಚಿಬಿಟ್ಟು ಹೊರಡಿ.

ಹೊಸನಗರ ಕಡೆಯವ: ಅಪ್ಪ ಮನೆ ಬಿಡಲ್ಲ ಅಂತ ಹಠ ಹಿಡಿದಿದ್ದಾರೆ.

ತುಂಗೆ ದಡದವ: ನಮ್ಮ ಕಡೆ ಎಲ್ಲಾ ಅಪ್ಪಂದಿರೂ ಹಾಗೇ ಅಲ್ವಾ! ಸರ್ಕಾರ ತೆರೆಯುವ ಆಶ್ರಯ, ಅದೇ ಕಾಳಜಿ ಕೇಂದ್ರ, ಬೇಡ ಅಂದರೆ ನೆಂಟರ ಮನೆಗಾದರೂ ಕಳಿಸಿ. ಪಹಣಿ, ಆಧಾರ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಪರಿಹಾರ ಕೇಳುವಾಗ ಬೇಕಾಗುತ್ತದೆ.