‘ಆಫ್‌ಲೈನ್ ಮ್ಯಾಪ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

ನಮಸ್ಕಾರ. ಪಶ್ಚಿಮ ಘಟ್ಟಕ್ಕೆ ಬರುವ ಚಾರಣಿಗರಿಗೆ ಹಂಚುವ ಎರಡು ಪುಟದ ಸೂಚನೆಯನ್ನು ಕನ್ನಡಕ್ಕೆ ತರಬೇಕಿದೆ. ನಾಲ್ಕು ಕಡೆ ತೊಡಕಾಗಿದೆ: ಆಫ್‌ಲೈನ್ ಮ್ಯಾಪ್ (ನೆಟ್‌ವರ್ಕ್ ಇಲ್ಲದಾಗ ಬಳಸಲು ಫೋನಿನಲ್ಲಿ ಮೊದಲೇ ಉಳಿಸಿಕೊಂಡ ನಕ್ಷೆ), ನೋ ಸರ್ವಿಸ್, ಜಿಪಿಎಸ್ ಫಿಕ್ಸ್ (ಉಪಗ್ರಹಗಳ ನೆರವಿನಿಂದ ಫೋನು ತಾನಿರುವ ಜಾಗ ಗುರುತಿಸುವುದು), ರೀರೂಟ್. ಮೊದಲನೆಯದಕ್ಕೆ ‘ಜಾಲರಹಿತ ನಕ್ಷೆ’ ಎಂದು ಹಾಕಿದ್ದೆ. ಕರಡು ಓದಿದ ಒಬ್ಬರು ಅದನ್ನು ಚೌಕುಳಿ ಗೆರೆಗಳಿಲ್ಲದ ನಕ್ಷೆ ಅಂದುಕೊಂಡರು. ಸುಮ್ಮನೆ ‘ಆಫ್‌ಲೈನ್’ ಎಂದೇ ಬಿಡುವುದೇ?

ಉತ್ತರ:

‘ಆಫ್‌ಲೈನ್’ ಎಂದು ಬಿಟ್ಟರೂ ತೊಂದರೆ ತಪ್ಪುವುದಿಲ್ಲ. ಕೊರೊನಾ ಕಾಲದ ನಂತರ ಕನ್ನಡದಲ್ಲಿ ಆ ಪದಕ್ಕೆ ಬೇರೆಯದೇ ಅರ್ಥ ಗಟ್ಟಿಯಾಗಿದೆ. ‘ಆಫ್‌ಲೈನ್ ಕ್ಲಾಸ್’ ಎಂದರೆ ಎದುರು ಕೂತು ಕೇಳುವ ಪಾಠ, ‘ಆಫ್‌ಲೈನ್ ಅರ್ಜಿ’ ಎಂದರೆ ಕಾಗದದ ಅರ್ಜಿ. ಆ ಲೆಕ್ಕದಲ್ಲಿ ‘ಆಫ್‌ಲೈನ್ ಮ್ಯಾಪ್’ ಕಾಗದದ ನಕ್ಷೆಯೂ ಆದೀತು. ‘ಜಾಲರಹಿತ’ ಎಂಬುದು ‘ನಿಸ್ತಂತು’ವಿನ (ವೈರ್‌ಲೆಸ್) ತಮ್ಮನ ಹಾಗೆ ಕೇಳಿಸುತ್ತದೆ.

ನನ್ನ ಸಲಹೆ ‘ಇಳಿಸಿಟ್ಟ ನಕ್ಷೆ’. ಇಲ್ಲಿ ಕೆಲಸ ಮಾಡುವುದು ‘ಇಳಿಸು’ ಅಲ್ಲ, ‘ಇಡು’. ಕಾಯಿಸಿಟ್ಟ ಹಾಲು, ನೆನೆಸಿಟ್ಟ ಅಕ್ಕಿ, ಹೇಳಿಟ್ಟ ಮಾತು: ಮುಂದೆ ಬೇಕಾದೀತೆಂದು ಮೊದಲೇ ಮಾಡಿದ್ದು ಎಂಬ ಅರ್ಥವನ್ನು ಈ ಸಹಾಯಕ ಕ್ರಿಯಾಪದ ತಾನಾಗಿಯೇ ತರುತ್ತದೆ. ಘಟ್ಟ ಹತ್ತಿದ ಮೇಲೆ ಡೌನ್‌ಲೋಡ್ ಆಗುವುದಿಲ್ಲ ಎಂಬ ಎಚ್ಚರಿಕೆ ಪದದೊಳಗೇ ಕೂತಿದೆ. ನಕ್ಷೆಯಲ್ಲಿರುವುದು ಇಳಿಸಿದ ದಿನದ ಸ್ಥಿತಿಯೇ ಹೊರತು ಇವತ್ತಿನದಲ್ಲ ಎಂಬುದೂ ಹೊಳೆಯುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಈ ಪದ ತೋರಿಸುತ್ತದೆ. ಈಚೆಗೆ ನೋಡಿದ ಜಾಗದ ನಕ್ಷೆಯ ತುಣುಕುಗಳು ಫೋನಿನಲ್ಲಿ ಸ್ವಲ್ಪ ಕಾಲ ಉಳಿದಿರುತ್ತವೆ. ನೆಟ್‌ವರ್ಕ್ ಹೋದರೂ ರಸ್ತೆ ಕಾಣುತ್ತಿರುತ್ತದೆ, ಆದರೆ ‘ಡೈರೆಕ್ಷನ್ಸ್’ ಒತ್ತಿದರೆ ದಾರಿ ಬರುವುದಿಲ್ಲ. ಅದು ಕಂಡ ನಕ್ಷೆ, ಇಳಿಸಿಟ್ಟ ನಕ್ಷೆಯಲ್ಲ. ಪರೀಕ್ಷಿಸುವುದು ಸುಲಭ: ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಬಂದ್ ಮಾಡಿ, ಹೋಗಬೇಕಾದ ಊರಿನ ಹೆಸರು ಹುಡುಕಿ ದಾರಿ ಕೇಳಬೇಕು. ಸಿಕ್ಕರೆ ಇಳಿದಿದೆ.

‘ನೋ ಸರ್ವಿಸ್’ ವಿಷಯಕ್ಕೆ ಬಂದರೆ, ‘ಸಿಗ್ನಲ್ ಇಲ್ಲ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಎಲ್ಲ ಗೊಂದಲಕ್ಕೂ ಅದೇ ಮೂಲ. ಫೋನಿಗೆ ಬರುವ ಸಿಗ್ನಲ್ ಎರಡು ಬಗೆ. ಒಂದು ಟವರಿನದು, ಕರೆಗೆ, ಡೇಟಾಕ್ಕೆ. ಇನ್ನೊಂದು ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಗಳದು. ಅದನ್ನು ಫೋನು ಬರೀ ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಕಳಿಸುವುದಿಲ್ಲ. ಅದಕ್ಕೆ ಸಿಮ್ ಬೇಡ, ಟವರ್ ಬೇಡ. ‘ಸಿಗ್ನಲ್ ಇಲ್ಲ’ ಎಂದು ಓದಿದವರು ಜಿಪಿಎಸ್ ಕೂಡ ಸತ್ತಿತೆಂದು ಫೋನು ಜೇಬಿಗೆ ಹಾಕುತ್ತಾರೆ. ಮಲೆನಾಡಿನಲ್ಲಿ ಜನ ‘ಟವರ್ ಇಲ್ಲ’, ‘ಒಂದು ಕಡ್ಡಿನೂ ಇಲ್ಲ’ ಎನ್ನುತ್ತಾರಲ್ಲ, ಅದು ಇಂಗ್ಲಿಷಿಗಿಂತ ಖಚಿತ. ‘ಟವರ್ ಸಿಗದ ಕಡೆ’ ಎಂದೇ ಬರೆಯಿರಿ.

‘ಜಿಪಿಎಸ್ ಫಿಕ್ಸ್’ಗೆ ‘ಸ್ಥಿರೀಕರಣ’ ಬೇಡವೇ ಬೇಡ, ಅಲುಗಾಡುವುದನ್ನು ಗಟ್ಟಿ ನಿಲ್ಲಿಸಿದ ಹಾಗಿದೆ. ಆಡುಮಾತಿನಲ್ಲಿ ಆಗಲೇ ‘ಲೊಕೇಶನ್ ಹಿಡೀತಿಲ್ಲ’ ಇದೆ. ‘ನೆಲೆ ಹಿಡಿಯುವುದು’ ಎಂದರಾಯಿತು. ಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಪೂರ್ತಿ ಹೇಳುತ್ತದೆ. ಟವರ್ ಇದ್ದರೆ ಈ ವಿವರ ಇಂಟರ್ನೆಟ್ಟಿನಿಂದ ಬಂದುಬಿಡುತ್ತದೆ, ಕೆಲವೇ ಸೆಕೆಂಡಿನಲ್ಲಿ ನಕ್ಷೆಯ ಮೇಲೆ ನೀವಿರುವ ಜಾಗ ತೋರಿಸುವ ಚುಕ್ಕೆ ಕೂರುತ್ತದೆ. ಇಲ್ಲದಿದ್ದರೆ ಉಪಗ್ರಹದ ಬಾಯಿಂದಲೇ ಕೇಳಬೇಕು. ಮರದಡಿ ನಡುನಡುವೆ ಕಡಿದುಹೋದರೆ ಮುಂದಿನ ಸುತ್ತಿಗೆ ಕಾಯಬೇಕು. ಆದ್ದರಿಂದ ಸೂಚನೆಯಲ್ಲಿ ‘ಹೊರಡುವ ಮೊದಲೇ, ಟವರ್ ಇರುವಾಗಲೇ ಬಯಲಿನಲ್ಲಿ ನೆಲೆ ಹಿಡಿಸಿ’ ಎಂದು ಸೇರಿಸಿ. ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತುವಾಗ ನಡುದಾರಿಯ ಭಟ್ಟರ ಮನೆಯವರೆಗಿನ ಕಾಡಿನಲ್ಲಿ ಚುಕ್ಕೆ ಅತ್ತಿತ್ತ ಹಾರಿದರೆ ಗಾಬರಿ ಬೇಡ, ಮೇಲಿನ ಹುಲ್ಲುಗಾವಲಿನಲ್ಲಿ ಅದು ನೆಟ್ಟಗಾಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿದರೆ ಅದು ಹಳೆಯ ನೆಲೆ, ನಂಬಬಾರದು. ಸುತ್ತಲಿನ ತಿಳಿನೀಲಿ ವೃತ್ತ ದೊಡ್ಡದಾದಷ್ಟೂ ಅಂದಾಜು ಸಡಿಲ.

‘ರೀರೂಟ್’ಗೆ ‘ಬೇರೆ ದಾರಿ ಹುಡುಕು’ ಸಾಕು.

ಇನ್ನೊಂದು ಉತ್ತರ:

ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ‘ಟವರ್ ಇಲ್ಲ’ ಎನ್ನುವುದಕ್ಕಿಂತ ‘ರೇಂಜ್ ಇಲ್ಲ’ ಎನ್ನುವುದೇ ಹೆಚ್ಚು. ಸೂಚನೆ ಘಟ್ಟದ ಎರಡೂ ಬದಿಯವರಿಗಾದರೆ ಒಮ್ಮೆ ಎರಡನ್ನೂ ಬರೆದು ಮುಂದೆ ಒಂದನ್ನೇ ಬಳಸಬಹುದು.

‘ಬೇರೆ ದಾರಿ ಹುಡುಕು’ ಎಂಬುದನ್ನು ಮೇಲಿನವರು ಒಂದೇ ಸಾಲಿನಲ್ಲಿ ದಾಟಿಸಿದ್ದಾರೆ, ಆದರೆ ಜನ ಸಿಕ್ಕಿಬೀಳುವುದು ಅಲ್ಲೇ. ಇಳಿಸುವಾಗ ಪರದೆಯ ಮೇಲೆ ಬರುವ ಚೌಕದೊಳಗೆ ದಾರಿ ಪೂರ್ತಿ ಇರಬೇಕು. ಹೊರಟ ಊರು ಅಥವಾ ಸೇರುವ ಊರು ಹೊರಗುಳಿದರೆ ದಾರಿ ಬರುವುದಿಲ್ಲ. ಬೆಂಗಳೂರಿನಿಂದ ಕುಕ್ಕೆಗೆ ಹೋಗುವವರು ಶಿರಾಡಿ ದಾರಿಯನ್ನಷ್ಟೇ ಚೌಕದೊಳಗೆ ಸೇರಿಸಿ ಇಳಿಸುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜರಿದು ಶಿರಾಡಿ ಮುಚ್ಚಿದರೆ ಬಿಸಿಲೆಗೋ ಚಾರ್ಮಾಡಿಗೋ ತಿರುಗಬೇಕು. ಚಾರ್ಮಾಡಿ ಚೌಕದ ಹೊರಗೆ ಉಳಿದಿರಬಹುದು. ಹಾಗಾಗಿ ‘ಬೇರೆ ದಾರಿಯೂ ಒಳಗೆ ಬರುವಷ್ಟು ಅಗಲ ಮಾಡಿ’ ಎನ್ನಬೇಕು. ಕಡತ ನೂರಾರು ಎಂಬಿ ಆದೀತು, ವೈಫೈ ಇರುವಲ್ಲಿ ಇಳಿಸಿದರೆ ಒಳ್ಳೆಯದು.

ರಸ್ತೆ ಮುಚ್ಚಿದ ಸುದ್ದಿ ಇಳಿಸಿಟ್ಟ ನಕ್ಷೆಗೆ ತಲುಪುವುದಿಲ್ಲ. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಗೇಟು ಮುಚ್ಚುವ ವೇಳೆಯನ್ನು ಯಾತ್ರಿಕರೇ ನೆನಪಿಟ್ಟುಕೊಳ್ಳಬೇಕು.

‘ದಾರಿ’ ಎಂಬ ಪದಕ್ಕೂ ಒಂದು ಷರತ್ತು ಬೇಕು. ಗೂಗಲ್ ಮ್ಯಾಪ್ಸ್ ಡೇಟಾ ಇಲ್ಲದಾಗ ವಾಹನದ ದಾರಿ ಮಾತ್ರ ಕೊಡುತ್ತದೆ, ನಡಿಗೆಯದಲ್ಲ. ಕಾಲುದಾರಿ ಬೇಕಾದವರು ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ತುಂಬುವ ಮುಕ್ತ ನಕ್ಷೆ) ಆಧಾರಿತ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್‌ನಲ್ಲಿ ಕರ್ನಾಟಕವನ್ನು ಇಳಿಸಿಡಬೇಕು. ಅಲ್ಲಿ ಹುಡುಕುವಾಗ ಕಾಗುಣಿತದ ಕಾಟವಿದೆ. ಆನ್‌ಲೈನ್ ಹುಡುಕಾಟದಷ್ಟು ತಪ್ಪು ತಿದ್ದಿಕೊಳ್ಳುವ ಜಾಣ್ಮೆ ಅದಕ್ಕಿಲ್ಲ. ‘ಶೃಂಗೇರಿ’ಯ ಇಂಗ್ಲಿಷ್ ರೂಪದಲ್ಲಿ ಒಂದು ‘ಎಚ್’ ಹೆಚ್ಚುಕಡಿಮೆಯಾದರೂ ಊರು ಸಿಗದಿರಬಹುದು. ಕನ್ನಡ ಹೆಸರು ಸೇರಿಸಿದ್ದರೆ ಕನ್ನಡದಲ್ಲೇ ಟೈಪಿಸಿದಾಗ ಸಿಗುತ್ತದೆ. ಎಷ್ಟೋ ಹಳ್ಳಿಗಳಿಗೆ ಇನ್ನೂ ಸೇರಿಸಿಲ್ಲ. ಎಲ್ಲಕ್ಕಿಂತ ಭದ್ರ ಉಪಾಯ, ಹೋಗುವ ಜಾಗದ ಮೇಲೆ ಮೊದಲೇ ನಕ್ಷತ್ರ ಗುರುತು ಹಾಕಿಡುವುದು.

ಹೆಸರಿಗೆ ಬಂದರೆ, ‘ಬುತ್ತಿ ನಕ್ಷೆ’ ಎಂದರೆ ಹೇಗೆ? ಮನೆಯಲ್ಲೇ ಕಟ್ಟಿಕೊಂಡು ಹೋಗುವುದು, ದಾರಿಯಲ್ಲಿ ಬಿಚ್ಚುವುದು. ಹಳಸುವ ಗುಣವೂ ಹೊಂದುತ್ತದೆ: ಗೂಗಲ್‌ನ ಇಳಿಸಿಟ್ಟ ಚೌಕಕ್ಕೆ ಅವಧಿ ಮುಗಿಯುವ ದಿನಾಂಕವಿರುತ್ತದೆ, ಅಷ್ಟರೊಳಗೆ ಅಪ್‌ಡೇಟ್ ಮಾಡದಿದ್ದರೆ ಹೋಯಿತು.

ಪ್ರಶ್ನೆ ಕೇಳಿದವರಿಂದ:

ತುಂಬ ಉಪಕಾರವಾಯಿತು. ‘ಬುತ್ತಿ ನಕ್ಷೆ’ ಬಾಯಿಗೆ ರುಚಿಯಾಗಿದೆ, ಆದರೆ ಮೊದಲ ಸಲ ಓದುವವರು ಊಟದ ಪಟ್ಟಿ ಹುಡುಕಿಯಾರು. ಅದನ್ನು ಶೀರ್ಷಿಕೆಗಷ್ಟೇ ಇಟ್ಟಿದ್ದೇನೆ. ತಿದ್ದಿದ ಭಾಗ ಹೀಗಿದೆ:

“ಟವರ್ (ರೇಂಜ್) ಸಿಗದ ಕಡೆಯೂ ನಿಮ್ಮ ಫೋನು ದಾರಿ ತೋರಿಸಬಲ್ಲದು. ಅದಕ್ಕೆ ಇಳಿಸಿಟ್ಟ ನಕ್ಷೆ ಬೇಕು. ಗೂಗಲ್ ಮ್ಯಾಪ್ಸ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇರೆ ದಾರಿಗಳೂ ಒಳಗೆ ಬರುವಷ್ಟು ಚೌಕ ಅಗಲಿಸಿ ಡೌನ್‌ಲೋಡ್ ಒತ್ತಿ. ಕಾಲುದಾರಿಗೆ ಬೇರೆ ಆ್ಯಪ್‌ನಲ್ಲಿ ಕರ್ನಾಟಕ ಇಳಿಸಿಡಿ. ಹೊರಡುವ ಮುನ್ನ ಬಯಲಿನಲ್ಲಿ ನಿಂತು ನೆಲೆ ಹಿಡಿಸಿ. ಕಾಡಿನೊಳಗೆ ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆರಿಸಿ.”

ಉತ್ತರ:

ಕೊನೆಯ ಪದ ತಕ್ಷಣ ತಿದ್ದಿ. ‘ಲೊಕೇಶನ್ ಆರಿಸಿ’ ಎಂದರೆ ಆಯ್ದುಕೊಳ್ಳಿ ಎಂದೂ ಆಗುತ್ತದೆ, ದೀಪ ಆರಿಸಿದಂತೆ ಬಂದ್ ಮಾಡಿ ಎಂದೂ ಆಗುತ್ತದೆ. ಎರಡನೆಯ ಅರ್ಥ ಹಿಡಿದವರ ಫೋನಿನಲ್ಲಿ ಚುಕ್ಕೆಯೇ ಇರುವುದಿಲ್ಲ. ‘ಏರೋಪ್ಲೇನ್ ಮೋಡ್ ಹಾಕಿ, ಟವರ್ ಹುಡುಕುತ್ತ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ. ಲೊಕೇಶನ್ ಮಾತ್ರ ಆನ್ ಇರಲಿ’ ಎಂದು ಬರೆಯಿರಿ.