ಅಪ್‌ಡೇಟ್: ಮಳೆಯಲ್ಲೇ ಪ್ಯಾರಿಸ್ ನೋಡಿ ಬಂದೆ

ವೀಕೆಂಡ್ ಪೂರ್ತಿ ಮಳೆಯಂತೆ, ಜರ್ಮನಿಯಿಂದ ಪ್ಯಾರಿಸ್‌ಗೆ ಹೋಗೋದಾ ಬೇಡ್ವಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆ. ಎರಡು ದಿನವೂ ಮಳೆ ಬಿಡಲೇ ಇಲ್ಲ.

ಗಾಜಿನ ಚಾವಣಿಯ ಹಳೇ ಪ್ಯಾಸೇಜ್‌ಗಳಿಗೆ (ಎರಡೂ ಬದಿ ಅಂಗಡಿಗಳಿರುವ ಓಣಿಗಳು) ಹೋಗು ಅಂದವರಿಗೆ ದೊಡ್ಡ ಥ್ಯಾಂಕ್ಸ್. ಪನೋರಮಾ, ಜುಫ್ರುವಾ, ವೆರ್ಡೋ ಮೂರೂ ಸಾಲಾಗಿವೆ, ನಡುವೆ ರಸ್ತೆ ದಾಟುವಷ್ಟು ಹೊತ್ತು ಮಾತ್ರ ನೆನೆಯಬೇಕು. ತಲೆ ಮೇಲಿನ ಗಾಜಿಗೆ ಮಳೆ ಟಪಟಪ ಬೀಳುತ್ತಿತ್ತು, ಕೆಳಗೆ ನಾನು ಹಳೇ ಪೋಸ್ಟ್‌ಕಾರ್ಡ್‌ಗಳನ್ನು ಒಂದೊಂದಾಗಿ ತಿರುವಿ ನೋಡುತ್ತಾ ಒಂದು ಗಂಟೆ ಕಳೆದೆ.

ಹೊಸದಾಗಿ ಗೊತ್ತಾಗಿದ್ದು: ಲೂವ್ರ್ ಮ್ಯೂಸಿಯಂನಲ್ಲಿ 26 ತುಂಬದವರಿಗೆ ಟಿಕೆಟ್ ಫ್ರೀ, ಅದು ಯುರೋಪಿನ ಪ್ರಜೆಗಳಿಗಷ್ಟೇ ಅಂದುಕೊಂಡಿದ್ದೆ. ಯುರೋಪಿಯನ್ ಯೂನಿಯನ್ ದೇಶದಲ್ಲಿ ವಾಸ ಇದ್ದರೂ ಸಾಕು! ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ತೋರಿಸಿದೆ, ಒಳಗೆ ಬಿಟ್ಟರು. ಫ್ರೀ ಆದರೂ ಸ್ಲಾಟ್ ಮೊದಲೇ ಬುಕ್ ಮಾಡಿ, ಮಳೆ ದಿನ ಎಲ್ಲರೂ ಅಲ್ಲಿಗೇ ಬರುತ್ತಾರೆ. ಮಂಗಳವಾರ ರಜಾ.

ಸೇನ್ ನದಿಯ ದೋಣಿ ಸವಾರಿ ಮಾತ್ರ ಸರಿಹೋಗಲಿಲ್ಲ, ಕಿಟಕಿ ಪೂರ್ತಿ ಮಂಜಾಗಿ ಏನೂ ಕಾಣಲಿಲ್ಲ. ಕೊಡೆಯೂ ಅಷ್ಟೇ, ಸೇತುವೆ ಮೇಲಿನ ಗಾಳಿಗೆ ಉಲ್ಟಾ ಆಯಿತು. ರೇನ್‌ಕೋಟೇ ಸರಿ. ಒದ್ದೆ ಶೂ ಒಳಗೆ ರಾತ್ರಿ ನ್ಯೂಸ್‌ಪೇಪರ್ ತುರುಕಿಟ್ಟೆ, ಬೆಳಿಗ್ಗೆ ಹೊತ್ತಿಗೆ ಹಾಕಿಕೊಳ್ಳುವಷ್ಟು ಒಣಗಿತ್ತು.