.22 ಸಿಂಗಲ್ ಆಕ್ಷನ್ ರಿವಾಲ್ವರ್: ಹ್ಯಾಮರ್ ಬೀಳುತ್ತೆ ಗುಂಡು ಹಾರಲ್ಲ, ಆಮೇಲೆ ಸಿಲಿಂಡರೂ ಬಿಗಿ ಆಗುತ್ತೆ

ಆಸ್ಟಿನ್‌ಹುಡ್ಗ:
ಎಲ್ರಿಗೂ ನಮಸ್ಕಾರ. ಇಲ್ಲಿ ಶೂಟಿಂಗ್ ಹವ್ಯಾಸ ಇರೋರು ಒಂದಿಷ್ಟು ಜನ ಇದೀರ ಅಂತ ಗೊತ್ತು, ಅದಕ್ಕೆ ಕೇಳ್ತಿದೀನಿ. ನಾನಿರೋದು ಟೆಕ್ಸಾಸಲ್ಲಿ, ಪಕ್ಕದ್ಮನೆ ಅಜ್ಜ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗ್ವಾಗ ಅವರ ಹಳೇ .22 ರಿವಾಲ್ವರ್ ನಾನು ತಗೊಂಡೆ, ಅಂಗಡಿ ಮೂಲಕ ಪೇಪರ್ ಎಲ್ಲಾ ಸರಿಯಾಗೇ ಮಾಡ್ಸಿದೀವಿ. ಕೌಬಾಯ್ ಸ್ಟೈಲಿಂದು, ಆರು ಗುಂಡು, ಪ್ರತಿ ಸಲ ಹೆಬ್ಬೆರಳಲ್ಲಿ ಹ್ಯಾಮರ್ (ಹಿಂದಿರೋ ಕುದುರೆ) ಎಳೆದೇ ಹೊಡೀಬೇಕು. ಕಂಪನಿ ಹೆಸರು ಹಾಕ್ತಿಲ್ಲ, ಗನ್ ಅಷ್ಟು ಹಳೇದು, ತಪ್ಪು ಅವರದು ಅನ್ನೋಕಾಗಲ್ಲ.

ಸಮಸ್ಯೆ ಏನಂದ್ರೆ ಆರು ಹಾಕಿದ್ರೆ ಒಂದೋ ಎರಡೋ ಹಾರಲ್ಲ, ಠಕ್ ಅಂತ ಸದ್ದು ಅಷ್ಟೇ. ಐವತ್ತರ ಡಬ್ಬಿ ಮುಗಿಯೋ ಹೊತ್ತಿಗೆ ಗುಂಡು ತುಂಬೋ ತಿರುಗೋ ಸಿಲಿಂಡರ್ ಎಷ್ಟು ಬಿಗಿ ಆಗುತ್ತೆ ಅಂದ್ರೆ ಹ್ಯಾಮರ್ ಎಳೆಯೋಕೆ ಎರಡೂ ಕೈ ಬೇಕು. ಶೂಟಿಂಗ್ ರೇಂಜಲ್ಲಿ ಒಬ್ರು ಹ್ಯಾಮರ್ ತಳ್ಳೋ ಮೇನ್‌ಸ್ಪ್ರಿಂಗ್ ಬದಲಾಯ್ಸು ಅಂದ್ರು. ಅದೇ ಮಾಡ್ಲಾ ಇಲ್ಲ ಬೇರೆ ಏನಾದ್ರೂ ನೋಡ್ಬೇಕಾ?

ಮರಳುಗಾಡು_ಫೀನಿಕ್ಸ್:
ಸ್ಪ್ರಿಂಗಿಗೆ ಈಗ್ಲೇ ಕೈ ಹಾಕ್ಬೇಡಿ ಸರ್. ಅದಕ್ಕಿಂತ ಮುಂಚೆ ಒಂದು ಮಾತು, ಗುಂಡು ಹಾರ್ಲಿಲ್ಲ ಅಂದ ತಕ್ಷಣ ತೆಗೆದು ನೋಡೋಕೆ ಹೋಗ್ಬೇಡಿ, ಬ್ಯಾರಲ್ ಟಾರ್ಗೆಟ್ ಕಡೆಗೇ ಇಟ್ಕೊಂಡು ಕಮ್ಮಿ ಅಂದ್ರೂ 30 ಸೆಕೆಂಡ್, ನಾನಾದ್ರೆ ಒಂದು ನಿಮಿಷ ಕಾಯ್ತೀನಿ, ಕೆಲವು ಸಲ ತಡವಾಗಿ ಹೊತ್ಕೊಳ್ಳುತ್ತೆ. ಇನ್ನು ಸದ್ದು ಯಾವತ್ತಿನಂತೆ ಬರ್ದೆ ಪುಸ್ ಅಂತ ಬಂದ್ರೆ ಅಲ್ಲಿಗೇ ನಿಲ್ಸಿ, ಗನ್ ಖಾಲಿ ಮಾಡಿ ಬ್ಯಾರಲ್ ಒಳಗೆ ಸೀಸ ಸಿಕ್ಕಾಕೊಂಡಿದ್ಯಾ ನೋಡಿ. ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ಲೇ ಹೋಗುತ್ತೆ.

ಈಗ ವಿಷಯಕ್ಕೆ. ಒಂದು ಮಾರ್ಕರ್ ಪೆನ್ ತಗೊಂಡು ಸಿಲಿಂಡರ್ ಹೊರಗಡೆ ಚೇಂಬರಿಗೆ (ಗುಂಡು ಕೂರೋ ತೂತಿಗೆ) 1ರಿಂದ 6ರ ತನಕ ನಂಬರ್ ಬರೀರಿ, ಆಮೇಲೆ ಅಳಿಸ್ಬಹುದು. ಯಾವ ನಂಬರಲ್ಲಿ ಹಾರ್ಲಿಲ್ಲ ಅಂತ ಒಂದು ಚೀಟೀಲಿ ಬರ್ಕೊಳ್ತಾ ಹೋಗಿ. ಪ್ರತಿ ಸಲ ಅದೇ ಚೇಂಬರ್ ಕೈ ಕೊಟ್ರೆ ದೋಷ ಆ ಚೇಂಬರಲ್ಲಿ, ಸ್ಪ್ರಿಂಗ್ ಬದಲಾಯ್ಸಿದ್ರೆ ಏನೂ ಉಪಯೋಗ ಇಲ್ಲ. ಎಲ್ಲಿ ಬೇಕಾದ್ರಲ್ಲಿ ಆಗ್ತಿದ್ರೆ ಆಗ ಗುಂಡು, ಸ್ಪ್ರಿಂಗ್, ಗುಂಡಿಗೆ ಏಟು ಕೊಡೋ ಫೈರಿಂಗ್ ಪಿನ್ ಇವನ್ನ ಅನುಮಾನಿಸ್ಬಹುದು.

ಇನ್ನೊಂದು, ಹಾರದ ಗುಂಡಿನ ಅಂಚನ್ನೂ ಹಾರಿದ ಗುಂಡಿನ ಕೇಸಿನ (ಖಾಲಿ ಹಿತ್ತಾಳೆ ಕೊಳವೆ) ಅಂಚನ್ನೂ ಬೆಳಕಲ್ಲಿ ಪಕ್ಕ ಪಕ್ಕ ಹಿಡ್ದು ನೋಡಿ. .22ರಲ್ಲಿ ಬೇರೆ ಕ್ಯಾಪ್ ಇರಲ್ಲ, ಕಿಡಿ ಹತ್ತೋ ಮದ್ದು ಆ ಹಿತ್ತಾಳೆ ಅಂಚಿನ ಮಡಿಕೆ ಒಳಗೇ ಇರೋದು, ಪಿನ್ ಅಂಚನ್ನ ಜಜ್ಜಿದ್ರೇನೇ ಅದು ಹೊತ್ಕೊಳ್ಳೋದು. ಹಾರಿದ್ರಲ್ಲಿ ಗುರುತು ಆಳವಾಗಿ ಚೂಪಾಗಿ ಇದ್ದು ಹಾರದೇ ಇರೋದ್ರಲ್ಲಿ ಉಗುರು ಒತ್ತಿದ ಹಾಗೆ ಮೇಲ್ಮೇಲೆ ಇದ್ರೆ ಏಟು ಸಾಲ್ತಿಲ್ಲ ಅಂತ. ಎರಡೂ ಒಂದೇ ಆಳ ಇದ್ರೆ ಗುಂಡೇ ಸರಿ ಇಲ್ಲ, ಅಗ್ಗದ ಡಬ್ಬೀಲಿ ಮದ್ದು ಅಂಚಿನ ಸುತ್ತ ಸಮವಾಗಿ ಹರಡಿರಲ್ಲ, ಬೇರೆ ಬ್ರ್ಯಾಂಡ್ ಒಂದು ಡಬ್ಬಿ ತಂದು ಹೋಲ್ಸಿ ನೋಡಿ.

ಹುಬ್ಳಿಮಂದಿ:
ಫೀನಿಕ್ಸ್ ಸರ್ ಹೇಳಿದ್ದು ಖರೇ ಅದ. ಸಿಲಿಂಡರ್ ಬಿಗಿ ಆಗೋದರ ಬಗ್ಗೆ ನಾ ಹೇಳ್ತೇನ್ರಿ. ಮೊದ್ಲ ಗನ್ ಖಾಲಿ ಅದನೋ ಇಲ್ಲೋ ಕಣ್ಣಿಲೆ ನೋಡ್ರಿ, ಬೆರಳ ಹಾಕಿ ಮುಟ್ಟಿ ನೋಡ್ರಿ. ಲೋಡಿಂಗ್ ಗೇಟ್ (ಗುಂಡು ಹಾಕೋ ಸಣ್ಣ ಬಾಗಲಾ) ತಗದು, ಮುಂದಿನ ಲ್ಯಾಚ್ ಒತ್ತಿ ಬೇಸ್ ಪಿನ್ (ಸಿಲಿಂಡರ್ ತಿರುಗೋ ಕಡ್ಡಿ) ಎಳೀರಿ, ಸಿಲಿಂಡರ್ ಬಲಗಡೆ ಹೊರಗ ಬರತದ. ಆ ಪಿನ್ ಮ್ಯಾಲೆ ಕರಿ ಮಸಿ ಎಷ್ಟ ಕೂತದ ನೋಡ್ರಿ, .22 ಗುಂಡಿನ ಮೇಣ, ಸೀಸ, ಮದ್ದಿನ ಬೂದಿ ಮೂರೂ ಕೂಡಿ ಅಂಟಾಗಿರತದ, ಕಾದ ಮ್ಯಾಲೆ ಸಿಲಿಂಡರ್ ಹಿಡಕೊಳ್ಳೂದು ಅದಕ್ಕ. ಸಿಲಿಂಡರಿನ ಮುಂದಿನ ಮುಖ, ಬ್ಯಾರಲ್ಲಿನ ಹಿಂದಿನ ತುದಿ ಎರಡೂ ಒರಸ್ರಿ, ನಡುವ ಇರೋ ಸಂದು ಕಾಗದದಷ್ಟು ತೆಳು, ಅಲ್ಲಿ ಸ್ವಲ್ಪ ಸೀಸ ಕೂತ್ರೂ ಉಜ್ಜತದ.

ಚೇಂಬರ್ ಒಳಗ ಬ್ರಷ್ ಹಾಕ್ಲಿಕ್ಕೇ ಬೇಕ್ರಿ. ಆ ಅಜ್ಜಾರು .22 ಶಾರ್ಟ್ ಗುಂಡು ಹೊಡೀತಿದ್ರೇನು ಕೇಳ್ರಿ. ಶಾರ್ಟ್ ಕೇಸು ಗಿಡ್ಡ, ಅದರ ಬಾಯಿ ಮುಗಿಯೋ ಜಾಗಾದಾಗ ಕರಿ ಉಂಗುರ ಕಟ್ಟತದ, ಆಮ್ಯಾಲೆ ಉದ್ದ ಗುಂಡು ಹಾಕಿದ್ರ ಪೂರ್ತಿ ಒಳಗ ಕೂಡೂದಿಲ್ಲ. ಅಂಚು ಹೊರಗ ನಿಂತ್ರ ಹಿಂದ ಉಜ್ಜಿ ಸಿಲಿಂಡರೂ ಬಿಗಿ, ಹ್ಯಾಮರಿನ ಅರ್ಧ ಏಟು ಗುಂಡನ್ನ ಒಳಗ ತಳ್ಳೂದಕ್ಕ ಹೋಗಿ ಹಾರೂದೂ ಇಲ್ಲ. ಎರಡೂ ತ್ರಾಸಿಗೆ ಒಂದೇ ಕಾರಣ ಇರಬಹುದು. ಡಬ್ಲ್ಯೂಡಿ-40 ಹೊಡದು ಬಿಡಬ್ಯಾಡ್ರಿ, ಒಣಗಿ ಗೋಂದಾಗತದ, ಬೇಸ್ ಪಿನ್ನಿಗೆ ಗನ್ ಎಣ್ಣಿ ಒಂದೇ ಹನಿ ಸಾಕು.

ಕೊಡಗಿನವ:
ಅಣ್ಣ, ಇದ್ರಲ್ಲಿ ಟ್ರಾನ್ಸ್‌ಫರ್ ಬಾರ್ ಇದ್ಯಾ? ಖಾಲಿ ಗನ್ನಲ್ಲಿ ಹ್ಯಾಮರ್ ಎಳೆದು ಸಂದೀಲಿ ನೋಡಿ, ಹ್ಯಾಮರಿಗೂ ಫೈರಿಂಗ್ ಪಿನ್ನಿಗೂ ಮಧ್ಯ ಒಂದು ಚಪ್ಪಟೆ ಪಟ್ಟಿ ಮೇಲೆ ಬರುತ್ತೆ. ರೂಗರ್‌ನವರು 1973ರಲ್ಲಿ ನ್ಯೂ ಮಾಡೆಲ್ ಅಂತ ಇದನ್ನ ತಂದ್ರು. 1873ರ ಕೋಲ್ಟ್ ಡಿಸೈನಲ್ಲಿ ಅದು ಇಲ್ಲ, ಅಂಥದ್ರಲ್ಲಿ ಐದೇ ಗುಂಡು ಹಾಕಿ ಹ್ಯಾಮರ್ ಖಾಲಿ ಚೇಂಬರ್ ಮೇಲೆ ಇಳಿಸಿ ಇಡ್ಬೇಕು, ಇಲ್ಲಾಂದ್ರೆ ಕೈ ಜಾರಿ ಬಿದ್ರೆ ಹಾರ್ಬಿಡುತ್ತೆ. ಬಾರ್ ಇದ್ರೆ ಟ್ರಿಗರ್ ಒತ್ತಿದ್ಮೇಲೆ ಹ್ಯಾಮರ್ ಪೂರ್ತಿ ಬೀಳೋ ತನಕ ಬೆರಳು ಹಾಗೇ ಒತ್ತಿರ್ಬೇಕು, ಬೇಗ ಬಿಟ್ರೆ ಪಟ್ಟಿ ಕೆಳಗೆ ಜಾರಿ ಏಟು ಪಿನ್ನಿಗೆ ತಲುಪಲ್ಲ.

ಅಜ್ಜ ಖಾಲಿ ಗನ್ನಲ್ಲಿ ಠಕ್ ಠಕ್ ಅನ್ನಿಸ್ತಿದ್ರಾ ಅಂತಾನೂ ವಿಚಾರಿಸಿ. ಕೆಲವು .22ರಲ್ಲಿ ಹಾಗೆ ಮಾಡಿದ್ರೆ ಪಿನ್ ಚೇಂಬರಿನ ಅಂಚಿಗೇ ಹೊಡೆದು ಉಬ್ಬು ಮಾಡಿಡುತ್ತೆ, ಪಿನ್ನಿನ ತುದೀನೂ ಮೊಂಡಾಗುತ್ತೆ. ನಮ್ಮನೇಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ಪೂಜೆಗೆ ಇಡೋವಾಗ್ಲೂ ಮಕ್ಕಳಿಗೆ ಕುದುರೆ ಎಳೆಯೋಕೆ ಬಿಡ್ತಿರ್ಲಿಲ್ಲ, ಅದು ಒಳ್ಳೇ ಪದ್ಧತಿ. ಅಭ್ಯಾಸ ಮಾಡ್ಲೇಬೇಕು ಅಂದ್ರೆ ಇಲ್ಲಿ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಹಳದಿ ಪ್ಲಾಸ್ಟಿಕ್ ಡ್ರೈವಾಲ್ ಆಂಕರ್ (ಗೋಡೇಲಿ ಸ್ಕ್ರೂ ಹಿಡ್ಯೋಕೆ ಹಾಕೋದು) ಚೇಂಬರಿಗೆ ಹಾಕ್ಕೊಳ್ತಾರೆ, ಬಹಳ ಜನ ಮಾಡೋದೇ.

ಆಸ್ಟಿನ್‌ಹುಡ್ಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಹೇಳಿದ್ದೆಲ್ಲಾ ಮಾಡ್ದೆ. ಬೇಸ್ ಪಿನ್ ಎಳೆದ್ರೆ ಡಾಂಬರ್ ಬಳ್ದಂಗಿತ್ತು, ಚೇಂಬರಿಂದ ಬಂದ ಬಟ್ಟೆ ಚೂರುಗಳೂ ಕಪ್ಪು. ಅಜ್ಜಂಗೆ ಫೋನ್ ಮಾಡಿದ್ರೆ ಹೌದು ಶಾರ್ಟ್ ಗುಂಡೇ ಜಾಸ್ತಿ ಹೊಡೀತಿದ್ದೆ, ಟೀವಿ ನೋಡ್ತಾ ಖಾಲಿ ಗನ್ ಕ್ಲಿಕ್ ಮಾಡ್ತಿದ್ದೆ ಅಂದ್ರು! ಕ್ಲೀನ್ ಮಾಡಿದ್ಮೇಲೆ ಸಿಲಿಂಡರ್ ಈಗ ಬೆಣ್ಣೆ ತರ ತಿರುಗುತ್ತೆ. ಆದ್ರೆ ಮಿಸ್‌ಫೈರ್ ಪೂರ್ತಿ ಹೋಗಿಲ್ಲ, ನಂಬರ್ ಬರ್ದಿದ್ದು ಬಹಳ ಒಳ್ಳೇದಾಯ್ತು, ಈಗ ಬರೀ 2 ಮತ್ತು 5ರಲ್ಲೇ ಆಗ್ತಿರೋದು. ಭೂತಗನ್ನಡಿ ಹಿಡ್ದು ನೋಡಿದ್ರೆ ಆ ಎರಡರ ಅಂಚಲ್ಲಿ ಪಿನ್ ಬೀಳೋ ಜಾಗದಲ್ಲೇ ಸಣ್ಣ ತಗ್ಗು, ತಗ್ಗಿನ ಲೋಹ ಚೇಂಬರ್ ಒಳಕ್ಕೆ ಮುಳ್ಳಿನ ತರ ಚಾಚಿದೆ, ಗುಂಡು ಹಾಕಿದ್ರೆ ಅಲ್ಲೇ ತಡೆಯುತ್ತೆ. ಸಣ್ಣ ಅರ ಹಾಕಿ ಉಜ್ಜಿಬಿಡ್ಲಾ? ಇನ್ನೊಂದು, ಗನ್ ಡಬ್ಬೀಲಿ ಮ್ಯಾಗ್ನಮ್ ಅಂತ ಬರ್ದಿರೋ ಎರಡನೇ ಸಿಲಿಂಡರೂ ಇದೆ, ಅಲ್ಲಿ ತನಕ ಅದನ್ನ ಹಾಕಿ ಇದೇ ಗುಂಡು ಹೊಡೀಬಹುದಾ?

ಮರಳುಗಾಡು_ಫೀನಿಕ್ಸ್:
ಅರ ಬೇಡವೇ ಬೇಡ ಸರ್. ಉಜ್ಜಿದ್ರೆ ಚೇಂಬರಿನ ಲೋಹ ಹೋಗುತ್ತೆ, ಕೇಸಿಗೆ ಅಲ್ಲಿ ಆಸರೆ ಇರಲ್ಲ. ಇದಕ್ಕೆ ಅಂತಾನೇ ಚೇಂಬರ್ ಐರನ್ ಅನ್ನೋ ಟೂಲ್ ಇದೆ, ಉಬ್ಬಿದ ಲೋಹನ ಕೆರೆದು ತೆಗೆಯಲ್ಲ, ಒತ್ತಿ ವಾಪಸ್ ಅದರ ಜಾಗಕ್ಕೇ ಕೂರ್ಸುತ್ತೆ. ಗನ್‌ಸ್ಮಿತ್ (ಗನ್ ರಿಪೇರಿ ಮಾಡೋರು) ಹತ್ರ ಕೊಡಿ, ದೊಡ್ಡ ಕೆಲಸ ಅಲ್ಲ. ಫೈರಿಂಗ್ ಪಿನ್ ತುದೀನೂ ನೋಡೋಕೆ ಹೇಳಿ, ಅಷ್ಟು ಕ್ಲಿಕ್ ಮಾಡಿದ್ರೆ ಅದೂ ಸವೆದಿರುತ್ತೆ.

ಮ್ಯಾಗ್ನಮ್ ಸಿಲಿಂಡರಿಗೆ ಈ ಗುಂಡು ಹಾಕ್ಲೇಬೇಡಿ. .22 ಮ್ಯಾಗ್ನಮ್ ಕೇಸು ಮಾಮೂಲಿ .22 ಗುಂಡು ಎಲ್‌ಆರ್‌ಗಿಂತ (ಲಾಂಗ್ ರೈಫಲ್) ದಪ್ಪ, ಎಲ್‌ಆರ್ ಅದ್ರಲ್ಲಿ ಸಡಿಲವಾಗಿ ಕೂತು ಹೊಡೆದಾಗ ಕೇಸ್ ಸೀಳುತ್ತೆ, ಬಿಸಿ ಗ್ಯಾಸ್ ಹಿಂದಕ್ಕೆ ನಿಮ್ಮ ಮುಖದ ಕಡೆ ಬರ್ಬಹುದು. ಮ್ಯಾಗ್ನಮ್ ಗುಂಡು ತಂದ್ರೂ ಆ ಸಿಲಿಂಡರ್ ಇದೇ ಗನ್ನಿಗೆ ಫಿಟ್ ಮಾಡಿದ್ದಾ ಅಂತ ಖಾತ್ರಿ ಮಾಡ್ಕೊಂಡೇ ಹೊಡೀರಿ. ಗನ್‌ಸ್ಮಿತ್ ಹತ್ರ ಹೋಗ್ವಾಗ ಎರಡೂ ಸಿಲಿಂಡರ್ ತಗೊಂಡು ಹೋಗಿ, ಪ್ರತಿ ಚೇಂಬರ್ ಬ್ಯಾರಲ್ಲಿಗೆ ನೇರ ನಿಲ್ಲುತ್ತಾ ಅಂತ ಎರಡಕ್ಕೂ ಚೆಕ್ ಮಾಡ್ಲಿ.